ನೆರಳು ಪಡುವಣಕ್ಕಿತ್ತು

"ಕೈ ತೆಗೀರಿ! ಇಲ್ಲಾಂದ್ರ ಪೆಟ್ಟಿಗಿ ಸಮೇತ ಕಡೀತೀನಿ!"

ಹೇಳಿ ಮುಗಿಯುವುದರೊಳಗೆ ಕುಡಗೋಲು, ಗೂಟಕ್ಕೆ ಕಟ್ಟಿದ್ದ ತಾನಾಗಿಯೇ ಫೋಟೋ ತೆಗೆಯುವ ಕ್ಯಾಮೆರಾದ ಪಟ್ಟಿಯನ್ನು ಕಡಿದಿತ್ತು. ಶಲವಡಿಯ ಎರೆಹೊಲದ ಬದುವಿನಲ್ಲಿ ನರ್ಮದಾ ಆ ಹೊಲದೊಡೆಯ ಸಂಗನಬಸವನನ್ನು ಮೊದಲು ಕಂಡದ್ದೇ ಹೀಗೆ. ವಿಶ್ವವಿದ್ಯಾಲಯದ ಪರಿಸರ ವಿಜ್ಞಾನ ವಿಭಾಗದಿಂದ ಕೃಷ್ಣಮೃಗಗಳ, ಇಲ್ಲಿಯವರ ಬಾಯಲ್ಲಿ ಚಿಗರಿಗಳ, ಮೇಲೆ ಪಿಎಚ್‌ಡಿ ಮಾಡಲು ಬಂದವಳು ಅವಳು.

"ಕೇಳದ ಕಟ್ಟಿದ್ದು ತಪ್ಪಾತ್ರಿ..." ಎಂದಳು.

ಮರುದಿನ ಅವನೇ ಹೊಸ ಪಟ್ಟಿ ತಂದು ಕಟ್ಟಿಕೊಟ್ಟ. ಆಮೇಲೆ ನಾಲ್ಕು ತಿಂಗಳು, ಚಿಗರಿ ಹಿಕ್ಕೆ ಕಂಡರೂ ಅವಳಿಗೆ ಫೋನು! ಪ್ರೀತಿ ಎಂದು ಮಾತ್ರ ಇಬ್ಬರೂ ಬಾಯಿ ಬಿಡಲಿಲ್ಲ. ಓದಿದವಳಿಗೆ ಬಿಂಕ, ಅವನಿಗೆ ಸಂಕೋಚ.

ಆ ಬೇಸಿಗೆಯ ಒಂದು ಸೋಮವಾರ ರಾತ್ರಿ ಗಬ್ಬದ ಚಿಗರಿಯೊಂದು ಸತ್ತಿತು. ಯಾರೋ ಹಾಕಿದ ಉರುಲಿನ ತಂತಿ ಕೊರಳನ್ನು ಎಲುಬಿನವರೆಗೂ ಕೊಯ್ದಿತ್ತು. ಹೊಲದ ದಾರಿಯ ಕ್ಯಾಮೆರಾ ತೆಗೆದು ನೋಡಿದರೆ... ಸಂಗನಬಸವ! ಕೈಯಲ್ಲಿ ತಂತಿ! ಸೋಮವಾರ, ಸಂಜೆ ಆರೂವರೆ.

"ಉರುಲು ನೀವು ಹಾಕಿಲ್ಲಂತ ಹೇಳ್ರಿ!"

ಅವನು ತಲೆ ತಗ್ಗಿಸಿದ. ಬೆನ್ನು ತಿರುಗಿಸಿ ಊರ ಕಡೆ ನಡೆದ.

'ಇಂಥವನನ್ನು ನಂಬಿದೆನಲ್ಲಾ!' ಆ ಫೋಟೋವನ್ನು ಊರಿನ ಚಿಗರಿ ಸಂರಕ್ಷಣಾ ಸಮಿತಿಯ ಅಧ್ಯಕ್ಷ ಅಂದಾನೆಪ್ಪನಿಗೆ ಕಳಿಸಿಬಿಟ್ಟಳು. ಅಂದಾನೆಪ್ಪ ಸಂಗನಬಸವನ ಸ್ವಂತ ಕಾಕಾ, ಅಪ್ಪನ ತಮ್ಮ.

ತಾಸಿನೊಳಗೆ ಊರ ಕಟ್ಟೆಯ ಕಡೆಯಿಂದ ಬಡಿಗೆಯ ಸದ್ದು ಕೇಳಿಸಿತು. "ಹೊಡೀರಿ ಲೇ!" ಎಂಬ ಕೂಗು. ಕೋಣೆಯಲ್ಲಿ ಕೂತ ನರ್ಮದಾ ಕಣ್ಣೀರಲ್ಲೇ ಆ ಫೋಟೋ ಮತ್ತೆ ನೋಡಿದಳು.

ಅವನ ನೆರಳು ಎಡಕ್ಕೆ ಉದ್ದವಾಗಿ ಬಿದ್ದಿತ್ತು.

ಅವಳು ಕ್ಯಾಮೆರಾ ಕಟ್ಟುವುದು ಯಾವಾಗಲೂ ಉತ್ತರಕ್ಕೆ ಮುಖ ಮಾಡಿ. ಎಡವೆಂದರೆ ಪಡುವಣ! ಸಂಜೆಯ ನೆರಳು ಪಡುವಣಕ್ಕೆ ಬೀಳುತ್ತದೆಯೇ? ಈಚೆಗೆ ಒಂದು ಸಂಜೆ ಸೆಲ್ ಬದಲಿಸಿದಾಗ ಕ್ಯಾಮೆರಾದ ಗಡಿಯಾರದಲ್ಲಿ ಸಂಜೆಯನ್ನು ಬೆಳಿಗ್ಗೆ ಎಂದು ಒತ್ತಿದ್ದಳು. ಗಡಿಯಾರ ಹನ್ನೆರಡು ತಾಸು ಹಿಂದಿತ್ತು. ಅವನು ಹೋದದ್ದು ಮಂಗಳವಾರ ಬೆಳಿಗ್ಗೆ, ಚಿಗರಿ ಸತ್ತ ಮೇಲೆ.

ಬರಿಗಾಲಲ್ಲೇ ಓಡಿದಳು.

ಸಂಗನಬಸವನ ಮುಖ ರಕ್ತಮಯವಾಗಿತ್ತು. ಬಲಗೈ ಮೊಣಕೈ ಕೆಳಗೆ ಜೋತಾಡುತ್ತಿತ್ತು. ಅಂದಾನೆಪ್ಪ ಮತ್ತೆ ಬಡಿಗೆ ಎತ್ತಿದ. ಅವಳು ನಡುವೆ ನುಗ್ಗಿದಳು. ಏಟು ಅವಳ ಹೆಗಲಿಗೇ ಬಿತ್ತು!

"ತಪ್ಪು ನಂದ್ರಿ! ಗಡಿಯಾರ ತಪ್ಪಿಟ್ಟಿದ್ದೆ! ಚಿಗರಿ ಸತ್ತ ಮ್ಯಾಲ ಇವರು ತಂತಿ ಬಿಚ್ಚಾಕ ಹೋಗಿದ್ರು!"

"ಹಂಗಾರ ಹಾಕಿದವ್ರು ಯಾರು?" ಗುಂಪಿನಲ್ಲಿದ್ದ ಮೈಲಾರವ್ವ ಕೇಳಿದಳು.

ಸಂಗನಬಸವ ಕಾಕಾನ ಮುಖವನ್ನೇ ನೋಡುತ್ತಿದ್ದ. ಅಂದಾನೆಪ್ಪನ ಕೈಯಿಂದ ಬಡಿಗೆ ಜಾರಿತು.

"ನಾನಽ... ಹಂದಿ ಕಾಟಕ್ಕ ಹಾಕಿದ್ದೆ," ಎಂದು ಅವನು ಕಟ್ಟೆಯ ಮೇಲೆ ಕುಸಿದ. "ಅಧ್ಯಕ್ಷನ ಮಾನ ಹೋಗ್ತೈತಂತ ಹೆದರಿದೆ."

ಆಸ್ಪತ್ರೆಗೆ ಹೊರಟ ಟೆಂಪೋದಲ್ಲಿ ಅವಳು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು.

"ಒಂದ ಮಾತು ಹೇಳಬಾರದಿತ್ತೇನ್ರಿ?"

"ತಂತಿ ನೋಡಿದ ಕೂಡ್ಲೇ ಕಾಕಾಂದಂತ ಗೊತ್ತಾತ್ರಿ. ಅಪ್ಪ ಸತ್ತಮ್ಯಾಲ ಸಾಕಿದ ಕಾಕಾರೀ... ಹ್ಯಾಂಗ ಹೇಳ್ಲಿ?" ಅವನು ನೋವಿಗೆ ಹಲ್ಲು ಕಚ್ಚಿಕೊಂಡ. "ಅವರ ಬಡಿಗಿ ತಡಕೊಂಡೆ. ನಿಮ್ಮ ಫೋಟೋ... ಅದು ಜೋರ ಬಿತ್ರಿ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. "ನಿಮ್ಮನ್ನ ಪ್ರೀತಿ ಮಾಡ್ತೀನ್ರಿ. ಇಷ್ಟು ಮಾಡಿದ ಮ್ಯಾಲ ಹೇಳಾಕ ನಂಗ ಮುಖ ಇಲ್ಲ... ಆದ್ರೂ ಹೇಳ್ತೀನಿ. ಸಿಟ್ಟೈತೇನ್ರಿ?"

"ಐತ್ರಿ. ಅಗದಿ ಭಾಳ ಐತಿ."

ಅವಳು ನಾಚಿ, ನೊಂದು, ಅವನ ಬಲಗೈ ಮೇಲಿದ್ದ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಬಿಡಬ್ಯಾಡ್ರಿ!" ಅವನ ಒಡೆದ ತುಟಿ ನಕ್ಕಿತು. "ಬಲಗೈ ಮುರದೈತಿ. ಎಡಗೈ ಹಿಡೀರಿ..."