ಮಳವಳ್ಳಿ ಗುಡ್ಡದ ತೇಗ

"ನನ್ ಗಂಡ ಕಳ್ಳ ಅಲ್ಲ ಕಣಮ್ಮ!" ಎನ್ನುತ್ತಲೇ ಕೊತ್ತತ್ತಿಯ ಪಟ್ಟಲಮ್ಮ ಮಂಡ್ಯದ ನಮ್ಮ ಮನೆಯೊಳಗೆ ಬಂದರು. ಇಂದ್ರಕ್ಕ ಪೊಲೀಸ್ ಕೆಲಸದಿಂದ ನಿವೃತ್ತಳಾದರೂ ಇಂಥವರು ಬರುವುದು ನಿಂತಿರಲಿಲ್ಲ. ಅವಳನ್ನು ಸ್ಕೂಟರಿನಲ್ಲಿ ಸುತ್ತಿಸುವ ಕರ್ಮ ತಂಗಿಯಾದ ನನ್ನದು.

ಮಳವಳ್ಳಿ ಗುಡ್ಡದಲ್ಲಿ ಮಂಜುಶ್ರೀ ಎಂಬ ಸಂಶೋಧಕಿ ಹಳೇ ತೇಗಗಳಿಂದ ಕಡ್ಡಿಯಷ್ಟು ತಿರುಳು ಕೊರೆದು, ಅದರ ಉಂಗುರಗಳಲ್ಲಿ ಹಿಂದಿನ ಬರಗಾಲಗಳನ್ನು ಹುಡುಕುತ್ತಿದ್ದಳು. ಅವುಗಳಲ್ಲಿ ಹಿರಿಯ ಮರವನ್ನೇ ಯಾರೋ ಕಡಿದು ಸಾಗಿಸಿದ್ದರು. ಕಾವಲಿಗಿದ್ದ ಕೊಪ್ಪದ ಪುಟ್ಟಸ್ವಾಮಿ, ಪಟ್ಟಲಮ್ಮನ ಗಂಡ ಚೌಡಯ್ಯನ ಹಳೇ ಗೆಳೆಯ. ಅವನೇ "ಚೌಡಯ್ಯನ ಇತ್ತಲಲ್ಲಿ ತೇಗದ ದಿಮ್ಮಿ ಅದೆ" ಎಂದುಬಿಟ್ಟ. ಅರಣ್ಯದವರು ಚೌಡಯ್ಯನನ್ನು ಕರೆದೊಯ್ದರು.

"ಅದು ನಾಲೆ ಪಕ್ಕ ನಮ್ ಗದ್ದೆ ಬದಿನಲ್ಲಿದ್ದ ಮರ, ಗಾಳೀಗೆ ಬಿತ್ತು. ಯಾರೂ ನಂಬ್ತಿಲ್ಲ. ಇವ್ರು ಜೈಲಿಗೋದ್ರೆ ಊರಲ್ಲಿ ತಲೆ ಎತ್ತಂಗಿಲ್ಲ ಕಣಮ್ಮ."

ಕೊತ್ತತ್ತಿಯಲ್ಲಿ ಇಂದ್ರಕ್ಕ ದಿಮ್ಮಿಯ ತುದಿ ಉಜ್ಜಿ ನೋಡಿದಳು. ಉಂಗುರಗಳೆಲ್ಲ ಅಗಲ, ಹೆಚ್ಚುಕಮ್ಮಿ ಒಂದೇ ಸಮ. ಅಲ್ಲಿಂದ ಕೊಪ್ಪಕ್ಕೆ ಹೋದೆವು. ಪುಟ್ಟಸ್ವಾಮಿ ಹೊಸ ಮನೆ ಕಟ್ಟಿಸುತ್ತಿದ್ದ. ಗೋಡೆಗೆ ಒರಗಿಸಿದ್ದ ಬಾಗಿಲುವಾಡಕ್ಕೆ ಅರಿಸಿನ ಕುಂಕುಮ ಹಚ್ಚಿತ್ತು. ಕೊಯ್ದ ತುದಿಗಳಿಗೂ ಅರಿಸಿನ ದಪ್ಪಗೆ ಮೆತ್ತಿತ್ತು.

"ನಾಳೆ ಬಾಗ್ಲು ನಿಲ್ಸೋ ಪೂಜೆ ಕಣಕ್ಕ, ಬಂದ್ಬುಡಿ" ಎಂದ.

ನಾನಂತೂ ಊಟದ ಆಸೆಯಿಂದಲೇ ಹೋದೆ. ಅಕ್ಕನ ಮಾತಿನಂತೆ ಮಂಜುಶ್ರೀ, ಪಟ್ಟಲಮ್ಮ, ಚೌಡಯ್ಯನೊಂದಿಗೆ ಅರಣ್ಯದವರು ಎಲ್ಲರೂ ಅಲ್ಲಿ ಸೇರಿದ್ದರು.

"ಮಳೆ ಕೈಕೊಟ್ಟ ವರ್ಷ ಗುಡ್ಡದ ಮರದ ಉಂಗುರ ಸಣ್ಣದಾಗುತ್ತೆ," ಎಂದಳು ಇಂದ್ರಕ್ಕ. "ನಾಲೆ ಪಕ್ಕದ ಮರಕ್ಕೆ ಒಸರು ನೀರು ಸಿಗುತ್ತೆ, ಬರ ತಟ್ಟಲ್ಲ. ಚೌಡಯ್ಯನ ದಿಮ್ಮಿಯಲ್ಲಿ ಬರವೇ ಇಲ್ಲ. ಅದು ಗುಡ್ಡದ್ದಲ್ಲ."

"ಹಾಗಾದ್ರೆ ನನ್ನ ಮರ ಎಲ್ಲಿ?" ಎಂದಳು ಮಂಜುಶ್ರೀ.

"ಅರಿಸಿನ ಹಚ್ಚೋದು ಕಾಣೋ ಮುಖಕ್ಕೆ. ಗೋಡೆಯೊಳಗೆ ಹೋಗೋ ತುದಿಗೂ ಮೆತ್ತಿದ್ದು ಯಾಕಪ್ಪ ಪುಟ್ಟಸ್ವಾಮಿ?"

ಅಕ್ಕ ಒದ್ದೆ ಬಟ್ಟೆಯಲ್ಲಿ ತುದಿ ಒರೆಸಿದಳು. ಮಂಜುಶ್ರೀ ಆ ಹಿರಿಯ ಮರದಿಂದ ಮೊದಲೇ ಕೊರೆದಿಟ್ಟಿದ್ದ ತಿರುಳನ್ನು ಪಕ್ಕಕ್ಕೆ ಹಿಡಿದಳು. "ಎರಡು ಸಣ್ಣ, ಒಂದು ದಪ್ಪ, ಮತ್ತೆ ಮೂರು ಸಣ್ಣ... ಅಯ್ಯೋ, ಅದೇ ಬರಗಳು, ಅದೇ ಮರ!"

"ಒಳ್ಳೆ ಬಾಗ್ಲು ಮಾಡಿಸ್ಬೇಕು ಅಂತ ಆಸೆ ಬಿತ್ತು," ಎಂದ ಪುಟ್ಟಸ್ವಾಮಿ. "ಸಿಕ್ಕಾಕೋತೀನಿ ಅಂತ ಇವನ ಮೇಲೆ ಏಳ್ಬುಟ್ಟೆ."

ಚೌಡಯ್ಯನಿಗೆ ಅಳು ಉಕ್ಕಿ ಬಂತು. "ಈ ಬಾಗ್ಲುವಾಡ ಗಾಡಿಯಿಂದ ಇಳ್ಸಕ್ಕೆ ನಾನೇ ಎಗಲು ಕೊಟ್ಟಿದ್ನಲ್ಲಲಾ! ನಿಂಗೆ ಒಳ್ಳೇದಾಗ್ಲಿ ಅಂತ ಅಂದೋಗಿದ್ನಲ್ಲಲಾ!"

ಅರಣ್ಯದವರು ಚೌಡಯ್ಯನನ್ನು ಬಿಟ್ಟು ಪುಟ್ಟಸ್ವಾಮಿಯನ್ನು ಹಿಡಿದುಕೊಂಡರು. ಪಟ್ಟಲಮ್ಮ ಗಂಡನ ಕೈ ಹಿಡಿದುಕೊಂಡರು.

"ನಡೀರಿ. ನಮ್ಮೂರಲ್ಲಿ ಬಸ್ ಇಳ್ದು, ಬೀದಿ ನಡುವೇನೆ ನಡ್ಕೊಂಡು ಓಗಾನ. ಎಲ್ರೂ ನೋಡ್ಲಿ."