ಅತ್ತೆಯ ಕೈಗೆ ಗೊತ್ತಿದ್ದದ್ದು

"ಸುಳ್ಳು ಹೇಳ್ಬೇಡ! ನಿಮ್ಮ ಮನೇಲಿ ಯಾರಿಗೋ ಉಬ್ಬಸ ಇತ್ತು. ಅದನ್ನ ಮುಚ್ಚಿಟ್ಟು ನಿನ್ನ ನನ್ನ ಮಗನ ಕೊರಳಿಗೆ ಕಟ್ಟಿದ್ರು!"

ಅತ್ತೆಯ ಮಾತು ಮುಗಿಯುವ ಮೊದಲೇ ಸೊಸೆಯ ಮಡಿಲಲ್ಲಿದ್ದ ಪುಟ್ಟನ ಎದೆ ಮತ್ತೆ ಸೊಂಯ್‌ಗುಟ್ಟಿತು. ಮಗುವಿಗೆ ಉಬ್ಬಸ ಶುರುವಾದಾಗಿನಿಂದ ಸೊಸೆಯ ತವರಿನಲ್ಲಿ ಸತ್ತವರಿಗೂ ವಿಚಾರಣೆ ತಪ್ಪಿರಲಿಲ್ಲ. ಅಜ್ಜ ಕೆಮ್ಮುತ್ತಿದ್ದರಾ? ಸೋದರಮಾವ ಯಾಕೆ ಬೇಗ ಹೋದರು? ಉತ್ತರ ಕೊಟ್ಟರೆ ಎದುರುತ್ತರ, ಸುಮ್ಮನಿದ್ದರೆ ಒಪ್ಪಿಕೊಂಡ ಹಾಗೆ!

ಸೊಸೆಗೂ ಅವಳದೇ ಒಂದು ಅನುಮಾನವಿತ್ತು. ತವರಿನಲ್ಲಿ ಆಡಿಕೊಂಡಿರುವ ಮಗು ಈ ಮನೆಗೆ ಬಂದ ಮರುದಿನವೇ ಏದುಸಿರು ಬಿಡುತ್ತದೆ, ಏಕೆ? ತಾನು ಬಟ್ಟೆ ಒಣಹಾಕಲು ಹೋದಾಗ ಈ ಮುದುಕಿ ಏನಾದರೂ ತಿನ್ನಿಸುತ್ತಾಳೋ...? ಹಾಲಿನ ಲೋಟವನ್ನೂ ಮೂಸಿ ನೋಡುವ ಮಟ್ಟಕ್ಕೆ ಬಂದಿದ್ದಳು. ಮೂಗಿಗೆ ಹತ್ತುತ್ತಿದ್ದದ್ದು ಮುಂದಿನ ಕೋಣೆಯ ಅಂಟಿನ ವಾಸನೆಯೊಂದೇ. ಅದೇ ಗಂಡನ ಸೋಫಾ ಅಂಗಡಿ, ಅವನ ಅಪ್ಪನಿಂದ ಬಂದ ಕಸುಬು. ಬಸುರಿಯಾಗಿದ್ದಾಗ ಅವಳೂ ಅಲ್ಲೇ ಕೂತು ಫೋಮಿಗೆ ಅಂಟು ಬಳಿದಿದ್ದಳು. ಅನ್ನ ಕೊಡುವ ವಾಸನೆಯನ್ನು ಯಾರು ತಾನೇ ಸಂಶಯಿಸುತ್ತಾರೆ!

ಪುಟ್ಟನ ಪಕ್ಕೆಗಳು ಒಳಕ್ಕೆ ಸೆಳೆಯತೊಡಗಿದವು. ಸೊಸೆ ಗಾಬರಿಯಿಂದ ಅವನನ್ನು ಮಲಗಿಸಹೋದಳು.

"ಅಯ್ಯೋ, ಮಲಗಿಸ್ಬೇಡ್ವೇ!"

ಅತ್ತೆ ಮಗುವನ್ನು ಕಸಿದುಕೊಂಡು ತೊಡೆಯ ಮೇಲೆ ನೆಟ್ಟಗೆ ಕೂರಿಸಿದಳು, ದಿಂಬಿನ ಮೇಲೆ ಮುಂದಕ್ಕೆ ಬಾಗಿಸಿದಳು, ಮುಂದಿನ ಕೋಣೆಯ ಬಾಗಿಲನ್ನು ಕಾಲಿನಿಂದಲೇ ನೂಕಿ ಮುಚ್ಚಿದಳು. "ಹಿಂದಿನ ಕಿಟಕಿ ತೆಗಿ! ಡಾಕ್ಟರು ಕೊಟ್ಟ ಪಂಪು ತಾ!" ಔಷಧಿ ಒಳಗೆ ಹೋಗಿ, ಮೆಲ್ಲಗೆ ಉಸಿರು ಹದಕ್ಕೆ ಬಂತು.

ಸೊಸೆಯ ಕಣ್ಣು ಮಾತ್ರ ಆ ಬಾಗಿಲ ಮೇಲೇ ಇತ್ತು.

"ಅತ್ತೆ... ಆ ಬಾಗಿಲು ಯಾಕೆ ಮುಚ್ಚಿದ್ರಿ?"

"ಗಾಳಿ ಬರುತ್ತೆ ಅಂತ..."

"ಹಾಗಾದ್ರೆ ಕಿಟಕಿ ಯಾಕೆ ತೆಗೆಸಿದ್ರಿ? ಹೀಗೆ ಕೂರಿಸ್ಬೇಕು ಅಂತ ನಿಮ್ಮ ಕೈಗೆ ಹೇಗೆ ಗೊತ್ತು? ಯಾರನ್ನ ಕೂರಿಸಿದ್ರಿ?"

ಸದಾ ಗುಡುಗುವ ಆ ಹೆಂಗಸು ಮಗುವಿನ ಬೆನ್ನು ಸವರುತ್ತಾ ಬಾಯಿಬಿಟ್ಟಳು.

"ನಿನ್ನ ಗಂಡನ್ನ ಕಣೇ...! ನಾನೂ ಬಸುರಿಯಾಗಿದ್ದಾಗ ಅಂಟು ಬಳೀತಿದ್ದೆ. ಅವನಿಗೂ ಥೇಟ್ ಹೀಗೇ. ಹೊಟ್ಟೇಲಿದ್ದಾಗಿನಿಂದ ಈ ಗಾಳಿ ಕುಡಿದಿದೆ, ಅದೂ ಕಾರಣ ಇರ್ಬಹುದು ಅಂತ ಡಾಕ್ಟರು ಅವತ್ತೇ ಅಂದ್ರು. ಒಂದೋ ಅಂಗಡಿ ಹೊರಗೆ ಹೋಗ್ಬೇಕು, ಇಲ್ಲ ಮಗು! ನಿಮ್ಮ ಮಾವ ಅಂಗಡಿ ಬಿಡಲಿಲ್ಲ. ನಾನು ಮಗುನ ಅಕ್ಕನ ಮನೇಲಿ ಬಿಟ್ಟೆ... ನಿನಗೆ ಹೇಳಿದ್ರೆ ನೀನೂ ಇವನನ್ನ ಎತ್ಕೊಂಡು ಹೋಗ್ತೀಯ! ಇನ್ನೊಂದು ಸಲ ಮಗುನ ಬಿಟ್ಟಿರೋಕೆ ನನ್ನ ಕೈಲಾಗಲ್ಲಮ್ಮ..."

ಬಾಗಿಲು ತೆರೆಯಿತು. ಸುತ್ತಿಗೆ ಹಿಡಿದೇ ಗಂಡ ನಿಂತಿದ್ದ.

"ತುಂಟ ಅಂತ ದೊಡ್ಡಮ್ಮನ ಹತ್ರ ಬಿಟ್ಟೆ ಅಂದಿದ್ಯಲ್ಲಮ್ಮ... ಇಷ್ಟು ವರ್ಷ ನಾನು ನಿನಗೆ ಬೇಡವಾದವನು ಅಂದ್ಕೊಂಡಿದ್ದೆ!"

ತಾಯಿ ಅವನ ಕೈಯಿಂದ ಸುತ್ತಿಗೆ ತೆಗೆದು ಕೆಳಗಿಟ್ಟಳು.

ಅಂಗಡಿಗೆ ಬೇರೆ ಜಾಗ ಹುಡುಕುವುದೆಂದಾಯಿತು. ಅಲ್ಲಿಯವರೆಗೆ ಮಗು ತವರಿನಲ್ಲಿರಲಿ ಎಂದರು ಡಾಕ್ಟರು. ಉಬ್ಬಸ ಪೂರ್ತಿ ಹೋಗುತ್ತದೆಂದು ಮಾತು ಕೊಡಲಿಲ್ಲ. ಸೊಸೆ ಚೀಲ ತುಂಬುತ್ತಿದ್ದರೆ ಅತ್ತೆ ಮಗುವಿನ ಅಂಗಿಯೊಂದನ್ನು ಎದೆಗವಚಿಕೊಂಡು ಗೋಡೆಗೊರಗಿ ನಿಂತಿದ್ದಳು.

ಸೊಸೆಯ ಸಿಟ್ಟು ಇಳಿದಿರಲಿಲ್ಲ. ಆದರೂ ಕೇಳಿದಳು, "ಏನು ನೋಡ್ತಾ ನಿಂತಿದ್ದೀರ? ನಿಮ್ಮ ಬಟ್ಟೇನೂ ತನ್ನಿ. ಅಲ್ಲಿ ಇವನಿಗೆ ಉಸಿರು ಕಟ್ಟಿದ್ರೆ ಕೂರಿಸೋರು ಯಾರು?"

"ನಿಮ್ಮ ಮನೆಗಾ...? ಸತ್ತವರನ್ನೂ ಬಿಡದೆ ಅಂದವಳು ನಾನು. ಯಾವ ಮುಖ ಇಟ್ಕೊಂಡು ಬರಲೇ?"

"ಇದೇ ಮುಖ. ಬೇರೆ ಎಲ್ಲಿಂದ ತರ್ತೀರ?"

ಅತ್ತೆ ಅಳುತ್ತಲೇ ತನ್ನ ಬಟ್ಟೆ ಮಡಚಲು ಒಳಗೆ ಹೋದಳು.