ಬ್ಲೂ ಫ್ಲೋರಿನ ಕಲ್ಲು

"ಬರೇ ನೋಡಿ ಆರಿಸಬ್ಯಾಡ್ರಿ. ಬಡಿದು ಕೇಳ್ರಿ."

ತಾಂಡೂರಿನ ಕಲ್ಲಿನ ಅಂಗಡಿಯಲ್ಲಿ ಪಾಲಿಶ್ ಮಾಡುತ್ತಿದ್ದ ಸ್ವರೂಪಾ ತಲೆ ಎತ್ತದೆಯೇ ಹೇಳಿದಳು.

ಕಂಗ್ಟಿ ಊರಿನ ಪ್ರಬುದ್ಧ ಎಂಬ ಯುವಕ ನೀಲಿ ಚಪ್ಪಡಿಯನ್ನು ಬೆರಳಿನಿಂದ ಬಡಿದ. ಗಂಟೆಯಂತೆ ದನಿ ಬಂತು. ಒಳಗೆ ಬಿರುಕಿಲ್ಲದ ಕಲ್ಲು ಮಾತ್ರ ಹಾಗೆ ನುಡಿಯುತ್ತದೆ. ಅವನು ಮಾತ್ರ ಕಲ್ಲು ಬಿಟ್ಟು ಅವಳನ್ನೇ ನೋಡುತ್ತಿದ್ದ.

ಅವಳು ತಿಕ್ಕಿದ ಕಲ್ಲನ್ನೇ ಮತ್ತೊಮ್ಮೆ ತಿಕ್ಕಿದಳು...

ಅದು 2018. ಹೈದರಾಬಾದಿನಲ್ಲಿ ಕಟ್ಟುತ್ತಿದ್ದ ಡ್ಯಾನ್ಸ್ ಕ್ಲಬ್ಬಿಗೆ ನೆಲಹಾಸು ಆರಿಸಲು ಅವನು ಬಂದಿದ್ದ. ಸ್ವರೂಪಾ ತಿಕ್ಕಿದ ಕಲ್ಲೇ ಅಲ್ಲಿಗೆ ಹೋಯಿತು. ಆ ಬಣ್ಣ ನೋಡಿ ಮಾಲೀಕರು ಕ್ಲಬ್ಬಿಗೆ 'ಬ್ಲೂ ಫ್ಲೋರ್' ಎಂದೇ ಹೆಸರಿಟ್ಟರು. ಪ್ರಬುದ್ಧ ಅಲ್ಲಿಯೇ ಸೌಂಡ್ ನೋಡಿಕೊಳ್ಳುವ ಕೆಲಸಕ್ಕೆ ನಿಂತ. ನಿನ್ನ ಕಲ್ಲಿನ ಮೇಲೆ ಪಟ್ಟಣವೇ ಕುಣಿಯುತ್ತದೆ ಎಂದು ಫೋನಿನಲ್ಲಿ ಹೇಳುತ್ತಿದ್ದ. ಇಲ್ಲಿ ಅವಳ ಮನಸ್ಸೂ ಕುಣಿಯುತ್ತಿತ್ತು.

ಮರುವರ್ಷ ಒಂದು ಮಧ್ಯಾಹ್ನ ಅಪ್ಪ ಕಿಷ್ಟಪ್ಪನ ಜೊತೆ ಕ್ಲಬ್ಬು ನೋಡಲು ಹೋದಳು. ಪ್ರಬುದ್ಧ ವೈರು ತರಲು ಹೊರಗೆ ಹೋಗಿದ್ದ. ಕಾವಲುಗಾರ ಬಾಗಿಲು ತೆರೆದ.

ಕಲ್ಲು ಎಲ್ಲಿಯೂ ಕಾಣಲಿಲ್ಲ. ಗೋಡೆಯಿಂದ ಗೋಡೆಗೆ ಕರಿ ಹಲಗೆ ಹೊದಿಸಿತ್ತು.

ಅವಳ ಅಂಗಡಿಯಲ್ಲಿ ಒಂದು ರೂಢಿ. ಬೇಡವಾದ ಕಲ್ಲಿನ ಮೇಲೆ ಗಿರಾಕಿ ಮಾತಾಡದೆ ಗೋಣಿಚೀಲ ಹಾಸಿ ಹೋಗುತ್ತಾನೆ. ಬಾಯಿಬಿಟ್ಟು ಹೇಳಿದರೆ ತಿಕ್ಕಿದವಳ ಮನಸ್ಸು ನೋಯುತ್ತದೆಂದು.

'ನನ್ನ ಮ್ಯಾಲೂ ಚೀಲ ಹಾಕಿಬಿಟ್ಟ...'

ಕಾಯದೆ ಬಸ್ಸು ಹತ್ತಿದಳು. ಅಂದಿನಿಂದ ಅವನ ಫೋನು ಎತ್ತಲಿಲ್ಲ. ಅವಳು ಬಂದು ಹೋದದ್ದನ್ನು ಕಾವಲುಗಾರನಿಂದ ಕೇಳಿದ ಅವನು, ಕುಡಿದು ಕುಣಿಯುವ ಜಾಗ ಕಂಡು ಅವಳಿಗೆ ಹೇಸಿಗೆಯಾಯಿತೆಂದು ತಿಳಿದ. ಮುಖ ತೋರಿಸಲು ಅಂಜಿದ.

ಕೊರೊನಾದಲ್ಲಿ ಕ್ಲಬ್ಬು ಮುಚ್ಚಿತು, ಮತ್ತೆ ತೆರೆಯಿತು. ಈ ಬೇಸಿಗೆಯಲ್ಲಿ ಕಟ್ಟಡವನ್ನೇ ಕೆಡವಿದರು. ಅಷ್ಟರಲ್ಲಿ ಸ್ವರೂಪಾ ಎರಡು ಸಂಬಂಧ ಹಿಂದಕ್ಕೆ ಕಳಿಸಿದ್ದಳು. ಅಪ್ಪ ಕಾರಣ ಕೇಳಲಿಲ್ಲ.

ಒಂದು ಬೆಳಿಗ್ಗೆ ಅಂಗಡಿಗೆ ಲಾರಿ ಬಂತು. ಇಳಿಸಿದ ಚಪ್ಪಡಿ ಸವರಿ ನೋಡಿದ ಮೇಸ್ತ್ರಿ ಬಂಡೆಪ್ಪ, ಇದು ನಮ್ಮದೇ ಮಾಲು, ನಿನ್ನೆ ತಿಕ್ಕಿದ ಹಾಗಿದೆ ಎಂದ. ಲಾರಿಯಿಂದ ಪ್ರಬುದ್ಧ ಇಳಿದ. ಕೂದಲು ಅಲ್ಲಲ್ಲಿ ನರೆತಿತ್ತು.

ಸ್ವರೂಪಾ ಎದ್ದು ಬಂದಳು. "ಚೀಲ ಹಾಕಿದ ಕಲ್ಲು ಯಾಕ ತಂದಿ?"

"ಯಾರು ಹಾಕ್ಯಾರ ಚೀಲ?"

"ಹಲಗಿ ಹೊದಿಸಿದ್ದು ನಾ ಕಣ್ಣಾರೆ ನೋಡೀನಿ."

ಅವನು ಚಪ್ಪಡಿಯ ಮೇಲೆ ಕೈಯಿಟ್ಟ. ಆಮೇಲೆ ನಿಧಾನವಾಗಿ ಹೇಳಿದ. ಗಟ್ಟಿ ಕಲ್ಲಿನ ಮೇಲೆ ತಾಸುಗಟ್ಟಲೆ ಕುಣಿದವರಿಗೆ ಮೊಣಕಾಲು ನೋಯುತ್ತಿದ್ದವಂತೆ. ಒಡೆದು ಮರ ಹಾಕಿಸಿ ಎಂದರಂತೆ ಮಾಲೀಕರು. ಇವನೇ ಕೈಮುಗಿದು, ಕಲ್ಲಿಗೊಂದು ಗೀರೂ ಬೀಳದಂತೆ ಕಂಬಳಿ ಹಾಸಿಸಿ, ಮೇಲೆ ಹಲಗೆ ಕೂರಿಸಿದ್ದನಂತೆ.

"ನೀ ತಿಕ್ಕಿದ್ದು ಒಡ್ಯಾಕ ನನ್ನ ಕೈಲೆ ಆಗಲಿಲ್ಲ, ಸ್ವರೂಪಾ."

ಆರು ವರ್ಷ... ಒಂದು ಮಾತು ಕೇಳದೆ ಕಳೆದ ಆರು ವರ್ಷ. ಅವಳ ಕಣ್ಣು ತುಂಬಿ ಬಂತು.

"ನಿಮ್ಮಪ್ಪನ್ನ ಕೇಳಾಕ ಬಂದೀನಿ," ಎಂದ ಅವನು.

"ಅಪ್ಪನ್ನ ಕೇಳ್ತಿ. ನನ್ನ ಯಾವಾಗ ಕೇಳ್ತಿ?"

ಅವನು ದನಿ ಎತ್ತಿಯೇ ಕೇಳಿದ. "ನನ್ನ ಕೂಡ ಸಂಸಾರ ಮಾಡ್ತಿ ಏನ?"

ಅಂಗಡಿಯ ಹೆಂಗಸರೆಲ್ಲ ಕೈಕೆಲಸ ನಿಲ್ಲಿಸಿ ತಿರುಗಿದರು. ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

"ಮಾಡ್ತೀನಿ. ಮೆಲ್ಲಗ ಮಾತಾಡು ಮಾರಾಯ, ಇಲ್ಲಿ ನಿನ್ನ ಕ್ಲಬ್ಬಿನ ಸ್ಪೀಕರ್ ಡಬ್ಬಿ ಬಡಿಯಾಕ ಹತ್ತಿಲ್ಲ. ಎಲ್ಲಾರೂ ಕೇಳ್ಯಾರ."

"ಕೇಳಲಿ ಬಿಡು," ಎಂದ ಅವನು, ಮೊದಲಿಗಿಂತ ಮೆಲ್ಲಗೆ.